ಖಾಲಿ ಮೂಲೆಯ ಟಚ್

ಹೊಸದಾಗಿ ವಾಲಿಬಾಲ್ ರೆಫರಿ ಪರೀಕ್ಷೆ ಪಾಸಾದ ಹುಡುಗರು ನನ್ನ ಮನೆಗೆ ಬಂದರೆ ಕೇಳುವುದು ಒಂದೇ ಪ್ರಶ್ನೆ: "ಸರ, ಮಂದಿ ಜಗಳಕ್ಕ ಬಂದ್ರ ಏನ್ ಮಾಡ್ಬೇಕ್ರಿ?" ಜಗಳಕ್ಕೆ ಹೆದರುವವರು ಈ ಕೆಲಸಕ್ಕೆ ಬರಬೇಡಿರಿ ಎಂದು ಗದರಿಸಿ, ಚಹಾ ಕುಡಿಸಿ ಕಳಿಸುತ್ತೇನೆ. ನಾನು ಹೊಟ್ಟೆಪಾಡಿಗೆ ಸಾಲೆಯ ಪಿ.ಟಿ. ಮಾಸ್ತರನಾಗಿದ್ದೆ, ರಜೆಯ ದಿನ ರೆಫರಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮೈದಾನಗಳಲ್ಲಿ ನಾನು ತಿಂದಷ್ಟು ಬೈಗುಳವನ್ನು ಯಾವ ಬಸ್ಸಿನ ಕಂಡಕ್ಟರನೂ ತಿಂದಿರಲಿಕ್ಕಿಲ್ಲ. ಬೈಗುಳಕ್ಕೆ ಮೈ ಒಗ್ಗುತ್ತದೆ. ಒಗ್ಗದೇ ಇರುವ ಸಂಗತಿ ಒಂದಿದೆ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಅದೇ ಹೆಚ್ಚು ನೆನಪಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೀಟಿ ಹಿಡಿದಾಗ ಆಟವೇ ಬೇರೆ ಇತ್ತು. ಸರ್ವಿಸ್ ಯಾರ ಕೈಯಲ್ಲಿದೆಯೋ ಅವರಿಗಷ್ಟೇ ಪಾಯಿಂಟು. ಎದುರಿನವರು ಚೆಂಡು ಗೆದ್ದರೆ ಅವರಿಗೆ ಸರ್ವಿಸ್ ಸಿಗುತ್ತಿತ್ತೇ ಹೊರತು ಪಾಯಿಂಟಲ್ಲ. ಹದಿನೈದಕ್ಕೆ ಮುಗಿಯಬೇಕಾದ ಸೆಟ್ಟು ಅತ್ತ ಇತ್ತ ಜಗ್ಗಾಡುತ್ತ ಬಿಸಿಲು ಇಳಿಯುವವರೆಗೂ ನಡೆಯುತ್ತಿತ್ತು. ಈಗ ಪ್ರತಿ ಚೆಂಡಿಗೂ ಪಾಯಿಂಟು, ಇಪ್ಪತ್ತೈದಕ್ಕೆ ಸೆಟ್ಟು. ಮೊದಲು ಸರ್ವಿಸ್ ಚೆಂಡು ನೆಟ್ಟಿಗೆ ತಾಗಿದರೆ ತಪ್ಪು, ಈಗ ತಾಗಿ ಆಚೆ ಬಿದ್ದರೂ ಆಟ ಮುಂದುವರಿಯುತ್ತದೆ. ಈ ನಿಯಮ ಬಂದ ಹೊಸದರಲ್ಲಿ ನಾನು ಮುಂಡರಗಿಯಲ್ಲಿ ಹಳೇ ಚಟಕ್ಕೆ ಸೀಟಿ ಊದಿಬಿಟ್ಟು ಎರಡೂ ಕಡೆಯವರಿಂದ ಉಗಿಸಿಕೊಂಡೆ. ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತುವ ಲಿಬೆರೋ ಆಟಗಾರ ಬಂದ ವರ್ಷ, ಅವನೊಬ್ಬನ ಅಂಗಿಯ ಬಣ್ಣ ಬೇರೆ ಇದ್ದದ್ದನ್ನು ಕಂಡು ಒಬ್ಬ ಊರ ಗೌಡರು, "ಈ ತಮ್ಮಗೊಬ್ಬಗ ಅಂಗಿ ಕಡಿಮಿ ಬಿತ್ತೇನ್ರಿ?" ಎಂದು ತಾವೇ ಕೊಡಿಸಲು ಹೊರಟಿದ್ದರು.

ನನಗೆ ಈ ಕೆಲಸ ಕಲಿಸಿದವರು ಗದಗಿನ ಹಿರೇಮಠ ಸರ್. ಸಿಡುಕು ಮನುಷ್ಯ, ಮೂಗಿನ ತುದಿಯಲ್ಲೇ ಸಿಟ್ಟು. ನಾನು ಎತ್ತರದ ಕುರ್ಚಿಯಲ್ಲಿ ಕೂತು ಚೆಂಡು ಹೋದ ಕಡೆಗೆಲ್ಲ ಕತ್ತು ತಿರುಗಿಸುವುದನ್ನು ಕಂಡು ಕೆಳಗೆ ಬಂದು ನಿಂತು ಬೈದರು. "ಚೆಂಡ ನೋಡಾಕ ಮಂದಿ ಅದಾರ. ನೀ ಚೆಂಡ ಇಲ್ಲದ ಕಡೆ ನೋಡು. ತಪ್ಪು ಆಗೂದು ಅಲ್ಲೇ." ಮಾತು ಖರೆ. ನೆಟ್ಟಿಗೆ ಕೈ ತಾಗುವುದು, ಗೆರೆ ತುಳಿಯುವುದು ಎಲ್ಲವೂ ಚೆಂಡು ಹೋದ ಮೇಲೆಯೇ. ಆದರೆ ಚೆಂಡಿಲ್ಲದ ಕಡೆ ವರ್ಷಗಟ್ಟಲೆ ನೋಡಿದವನಿಗೆ ಒಂದು ಬೇಡದ ಅಭ್ಯಾಸ ಅಂಟಿಕೊಳ್ಳುತ್ತದೆ. ಖಾಲಿ ಜಾಗ ಖಾಲಿಯಾಗಿ ಕಾಣುವುದಿಲ್ಲ. ಅಲ್ಲಿಂದ ಈಗಷ್ಟೇ ಯಾರು ಹೋದರು ಎಂಬುದು ಮೊದಲು ಕಾಣುತ್ತದೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಹಾಕಿದ ಖಾಲಿ ಮಣೆ ನೋಡಿ ನಾನು ಸುಮ್ಮನಾಗುವುದುಂಟು. ನನ್ನ ಹೆಂಡತಿ ಇದಕ್ಕೂ ಬೈಯುತ್ತಾಳೆ.

ಈಗಿನವರು ಟ್ಯಾಬ್ ಹಿಡಿದು ಕೂರುತ್ತಾರೆ. ಸರ್ವಿಸಿನಲ್ಲೇ ನೇರ ಪಾಯಿಂಟು ಬಂದರೆ ಏಸ್, ನೆಟ್ಟಿನ ಮೇಲೆ ತಡೆದು ಕೆಡವಿದರೆ ಬ್ಲಾಕ್, ನೆಲ ಕಾಣಬೇಕಿದ್ದ ಹೊಡೆತವನ್ನು ಎತ್ತಿದರೆ ಡಿಗ್. ಯಾರದು ಎಷ್ಟು ಎಂದು ಒತ್ತುತ್ತ ಹೋಗುತ್ತಾರೆ. ಆಟ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬನ ಲೆಕ್ಕ ಸಿದ್ಧ. ಒಳ್ಳೆಯದೇ, ನಾನು ಅಡ್ಡ ಬರುವುದಿಲ್ಲ. ಆದರೆ ಬೇಕೆಂದೇ ಮುಟ್ಟದೆ ಬಿಟ್ಟ ಚೆಂಡಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಹೊರಗೆ ಬೀಳುವ ಚೆಂಡನ್ನು ಒಬ್ಬ ಗುರುತಿಸಿ "ಬಿಡು" ಎಂದು ಕೂಗಬೇಕು, ಉಳಿದವರು ಕೈ ಹಿಂದೆ ತೆಗೆಯಬೇಕು. ಕೂಗಿದವನ ಮೇಲೆ ಅಷ್ಟು ನಂಬಿಕೆ ಇರಬೇಕು.

ನಮ್ಮ ಹಳ್ಳಿಗಳಲ್ಲಿ ಹೆಚ್ಚು ನಡೆಯುವುದು ಶೂಟಿಂಗ್ ವಾಲಿಬಾಲ್. ಪುಸ್ತಕದ ಆಟದಲ್ಲಿ ಸರ್ವಿಸ್ ಗೆದ್ದಾಗಲೆಲ್ಲ ಆರೂ ಜನ ಒಂದೊಂದು ಸ್ಥಾನ ಸುತ್ತಬೇಕು. ಶೂಟಿಂಗಿನಲ್ಲಿ ಸುತ್ತುವುದೇ ಇಲ್ಲ. ನಿಂತವನು ನಿಂತಲ್ಲೇ. ಎಡಮೂಲೆ ಹಿಡಿದವನು ಮೀಸೆ ಬಂದಾಗಿನಿಂದ ಮೀಸೆ ಬೆಳ್ಳಗಾಗುವವರೆಗೂ ಎಡಮೂಲೆಯವನೇ. ಎಷ್ಟು ಮಂದಿ ಆಡಬೇಕು, ಎಷ್ಟಕ್ಕೆ ಸೆಟ್ಟು ಎಂಬುದೂ ಊರಿಗೊಂದು ಪದ್ಧತಿ. ಟೂರ್ನಮೆಂಟ್ ಇಟ್ಟ ಊರಿನವರು ಹೇಳಿದ್ದೇ ಕಾಯ್ದೆ, ರೆಫರಿ ಅದನ್ನೇ ನಡೆಸಿಕೊಡಬೇಕು.

ಶಿರಹಟ್ಟಿಯಿಂದ ಒಳಗೆ ಹೋಗುವ ಒಂದು ಹಳ್ಳಿಗೆ ಇಂಥದೇ ಟೂರ್ನಮೆಂಟಿಗೆ ಹೋಗಿದ್ದೆ. ನಿವೃತ್ತಿಗೆ ಸ್ವಲ್ಪ ಮುಂಚೆ. ಊರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಮೊಬೈಲ್ ಹಿಡಿದು ಅಲ್ಲಿಗೆ ಓಡುವ ಪುಂಡರಿದ್ದಾರೆ.

ಬೆಳಿಗ್ಗೆ ನೆಟ್ಟಿನ ಎತ್ತರ ನೋಡಲು ಮೈದಾನಕ್ಕೆ ಹೋದೆ. ಊರ ತಂಡದ ಕ್ಯಾಪ್ಟನ್ ದಾವಲಸಾಬ ಜೊತೆಗಿದ್ದ. ಬಡಿಗತನ ಮಾಡುವವನು, ಮಾತು ಕಡಿಮೆ. ಅದು ಕೆಂಪು ಮಣ್ಣಿನ ಮಸಾರಿ ನೆಲ. ವರ್ಷಾನುಗಟ್ಟಲೆ ನಿಂತಲ್ಲೇ ನಿಂತು ಆಡಿದ್ದರಿಂದ ಒಬ್ಬೊಬ್ಬನ ಜಾಗದಲ್ಲೂ ನೆಲ ಸವೆದು, ರೊಟ್ಟಿಯ ಹಂಚಿನಂತೆ ಸಣ್ಣ ತಗ್ಗಾಗಿತ್ತು. ನಡುವೆಲ್ಲ ಕರಿಕೆ ಹುಲ್ಲು. ಊರ ತಂಡದ ಅರ್ಧದಲ್ಲಿ ಅಂಥ ಆರು ತಗ್ಗುಗಳಿದ್ದವು.

"ನಾವು ಐದು ಮಂದೀನ ಆಡ್ತೀವ್ರಿ ಸರ," ಎಂದ ದಾವಲಸಾಬ. "ಹಿಂದಿನ ಬಲಮೂಲಿ ಫಕ್ಕೀರಪ್ಪಂದು. ಅಂವ ಬರೂಮಟಾ ಅಲ್ಲೆ ಯಾರೂ ನಿಂದ್ರಂಗಿಲ್ಲ."

ಫಕ್ಕೀರಪ್ಪ ಹಮಾಲಿ ಕೆಲಸದವನು. ಉಳ್ಳಾಗಡ್ಡಿ ಲಾರಿಯ ಜೊತೆ ಘಟ್ಟದ ಕೆಳಗೆ ಹೋಗಿದ್ದ. ಲಾರಿ ತಿರುಗಿ ಬಂತು, ಅವನು ಬರಲಿಲ್ಲ. ಚಹಾ ಕುಡಿಯಲು ಇಳಿದವನು ಕೈ ತೊಳೆದುಕೊಂಡು ಬರುತ್ತೇನೆಂದು ಅಂಗಡಿಯ ಹಿಂದೆ ಹೋದ, ಅಷ್ಟೇ ಎಂದು ಡ್ರೈವರ್ ಹೇಳಿದ. ಪೊಲೀಸರು ಬರೆದುಕೊಂಡರು. ಹುಡುಕಿದರು, ಬಿಟ್ಟರು. ಇದೆಲ್ಲ ಆಗಿ ಬಹಳ ವರ್ಷಗಳಾಗಿದ್ದವು.

ನಾನು ಬಲಮೂಲೆಯ ತಗ್ಗನ್ನು ನೋಡಿದೆ. ಉಳಿದ ಐದರಂತೆ ಅದೂ ನುಣ್ಣಗೆ ಸವೆದಿತ್ತು, ಒಂದು ಎಳೆ ಹುಲ್ಲಿಲ್ಲ. "ಇಷ್ಟ ವರ್ಷ ಯಾರೂ ನಿಂತಿಲ್ಲಂದ್ರ ಇಲ್ಲೆ ಹುಲ್ಲ ಬರಬೇಕಿತ್ತಲ್ಲೋ?" ಎಂದೆ.

"ಅಲ್ಲೆ ಬರಂಗಿಲ್ರಿ," ಎಂದು ಅವನು ನೆಟ್ಟಿನ ಹಗ್ಗ ಬಿಗಿಯತೊಡಗಿದ.

ಮಧ್ಯಾಹ್ನ ಸಾಲೆಯಲ್ಲಿ ನಮಗೆಲ್ಲ ಊಟ. ಬಡಿಸಿದವಳು ಫಕ್ಕೀರಪ್ಪನ ಹೆಂಡತಿ ರೇಣವ್ವ, ಅದೇ ಸಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಎಲ್ಲರೂ ಎದ್ದ ಮೇಲೆ ನನ್ನ ಮುಂದೆ ಮಜ್ಜಿಗೆಯ ತಂಬಿಗೆ ಇಟ್ಟು ನಿಂತಳು.

"ಸರ, ನಿಮ್ಮ ಕಾಯ್ದೇದಾಗ ಐದು ಮಂದಿ ಆಡಾಕ ಬರತೈತೇನ್ರಿ?"

"ಪುಸ್ತಕದ ಆಟದಾಗ ಬರೂದಿಲ್ಲವ್ವ. ಇದು ನಿಮ್ಮೂರ ಆಟ."

"ಹಂಗಾರ ನೀವ ಕಾಯ್ದೆ ಹಾಕ್ರಿ. ಆ ಜಾಗಾಕ್ಕ ಒಬ್ಬನ್ನ ನಿಲ್ಲಸ್ರಿ. ಒಬ್ಬಾಂವ ನಿಂತ್ರ ಸಾಕು, ಊರ ಮಂದಿ ನನ್ನ ಬಿಡತಾರ."

ಆಮೇಲೆ ಹೇಳಿದಳು. ಬೆಟಗೇರಿಯಲ್ಲಿ ಅವಳ ಅಕ್ಕ ಮಗ್ಗ ಇಟ್ಟುಕೊಂಡು ಎಷ್ಟೋ ದಿನದಿಂದ ಕರೆಯುತ್ತಿದ್ದಾಳೆ. ಊರವರು ಕಳಿಸುವುದಿಲ್ಲ. ಫಕ್ಕೀರಪ್ಪ ಬಂದಾಗ ಮನೆಗೆ ಕೀಲಿ ಹಾಕಿದ್ದರೆ ಹೇಗೆ ಎನ್ನುತ್ತಾರೆ. "ನಾ ಮುತ್ತೈದೀನೋ ಅಲ್ಲೋ ನನಗ ಗೊತ್ತಿಲ್ರಿ. ಅರಿಷಿಣ ಕುಂಕುಮಕ್ಕ ಯಾರೂ ಕರಿಯಂಗಿಲ್ಲ. ಕುಂಕುಮ ಹಚ್ಚದ ಹೊರಗ ಬಂದ್ರ ಬೈತಾರ. ಆಟ ಇದ್ದಾಗೆಲ್ಲಾ ದಾವಲಸಾಬಣ್ಣ ಬಂದು ನಮ್ಮ ಮನಿಯವರ ಅಂಗಿ ಒಯ್ದು ನೆಟ್ಟಿನ ಕಂಬಕ್ಕ ಹಾಕತಾನ. ಸಂಜಿಕ್ಕ ತಂದು ಕೊಡತಾನ." ಸ್ವಲ್ಪ ತಡೆದು ದನಿ ಇಳಿಸಿದಳು. "ಯಾರೂ ತೊಟ್ಟಿಲ್ಲದ ಅಂಗೀರಿ. ಬೆವರಿನ ವಾಸನಿ ಇರತೈತಿ. ಅವರದ. ಎಷ್ಟ ನೀರ ಹಾಕಿ ತೊಳದ್ರೂ ಹೋಗಂಗಿಲ್ಲ."

ಬಿಸಿಲಲ್ಲಿ ಉಳಿದವರ ಅಂಗಿಯ ಜೊತೆ ಇದ್ದುದಕ್ಕೆ ಹಾಗಾಗಿರಬಹುದು ಎಂದೆ. ಅದು ಅವಳಿಗೂ ಹೊಳೆದಿರಬಹುದಾದ ಮಾತೇ. ಆರನೆಯವನನ್ನು ನಿಲ್ಲಿಸುವ ಬಗ್ಗೆ, ಎದುರಿನ ತಂಡ ತಕರಾರು ಮಾಡಿದರೆ ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದೆ. ಅವಳು ತಂಬಿಗೆ ಎತ್ತಿಕೊಂಡು ಹೋದಳು.

ಎದುರಾಳಿಗಳು ಲಕ್ಷ್ಮೇಶ್ವರದ ಕಡೆಯ ಹುಡುಗರು. ಅವರು ಯಾಕೆ ತಕರಾರು ಮಾಡುತ್ತಾರೆ? "ಐದ ಮಂದಿ ಆದ್ರ ನಮಗ ಚಲೋನ ಆತಲ್ರಿ," ಎಂದು ನಕ್ಕರು. ಸಂಜೆಗೆ ಆಟ ಶುರುವಾಯಿತು. ಕಂಬಕ್ಕೆ ಬಿಳಿ ಅಂಗಿ ಹಾಕಿದ್ದರು. ಗಾಳಿ ಅಂಬೋದು ಇರಲಿಲ್ಲ, ಅಂಗಿಯ ತೋಳುಗಳು ನೆಟ್ಟಗೆ ಕೆಳಗಿಳಿದಿದ್ದವು.

ಆಟ ನೋಡುತ್ತಿದ್ದ ಹಾಗೆ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಲಕ್ಷ್ಮೇಶ್ವರದವರು ಖಾಲಿ ಮೂಲೆಗೆ ಹೊಡೆಯಲೇ ಇಲ್ಲ. ಅವರ ಕ್ಯಾಪ್ಟನ್ ಬಾಯಿ ಬಡಿದುಕೊಂಡ. "ಅಲ್ಲೆ ಖಾಲಿ ಐತಿ, ಅಲ್ಲೆ ಹೊಡೀರಲೇ!" ಹೊಡೆಯುವ ಹುಡುಗ ನನ್ನ ಕುರ್ಚಿಯ ಹತ್ತಿರವೇ ನಿಂತಿದ್ದ. "ಹೊಡಿಯಾಕ ಕೈ ಎತ್ತಿದ್ರ ಅಲ್ಲೆ ಯಾರೋ ನಿಂತಂಗ ಆಗತೈತಿ, ಅಣ್ಣಾ," ಎಂದ. ಕ್ಯಾಪ್ಟನ್ ಅವನ ತಲೆಗೆ ಒಂದು ಬಿಟ್ಟ.

ಎಲ್ಲೋ ಒಂದೊಂದು ಚೆಂಡು ಆ ಕಡೆ ಹೋದಾಗ ಇನ್ನೂ ವಿಚಿತ್ರ. ಊರ ತಂಡದ ಐವರೂ ಓಡುವ ಬದಲು ನಿಂತು, ಮೂಲೆಯ ಕಡೆ ಕತ್ತು ತಿರುಗಿಸುತ್ತಿದ್ದರು, ಕೂಗು ಕೇಳಿದವರ ಹಾಗೆ. ಆಮೇಲೆ ಕೆಲವು ಚೆಂಡಿಗೆ ಓಡಿ ಎತ್ತುತ್ತಿದ್ದರು, ಕೆಲವನ್ನು ಬಿಡುತ್ತಿದ್ದರು. ಬಿಟ್ಟದ್ದೆಲ್ಲ ಗೆರೆಯ ಹೊರಗೇ ಬೀಳುತ್ತಿತ್ತು. ಒಂದೂ ತಪ್ಪಲಿಲ್ಲ. ನೋಡುತ್ತಿದ್ದ ಊರವರಿಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ. ಅವರೂ ಆ ಗಳಿಗೆಗೆ ಮಾತು ನಿಲ್ಲಿಸಿ ಮೂಲೆಯನ್ನೇ ನೋಡುತ್ತಿದ್ದರು. ಹೆಂಗಸರ ಗುಂಪಿನಲ್ಲಿ ರೇಣವ್ವ ಒಬ್ಬಳೇ ಅತ್ತ ಬೆನ್ನು ಮಾಡಿ ಕೂತಿದ್ದಳು.

ಕೊನೆಯ ಸೆಟ್ಟು ಸಮಸಮ ನಡೆದು, ಲಕ್ಷ್ಮೇಶ್ವರದವರು ಒಂದು ಪಾಯಿಂಟ್ ಮುಂದಾದರು. ಇನ್ನೊಂದು ಬಂದರೆ ಗೆದ್ದಂತೆ. ಆಗ ಆ ಹುಡುಗ, ಬೈಗುಳದ ಸಿಟ್ಟಿಗೋ ಏನೋ, ಕಣ್ಣು ಮುಚ್ಚಿಕೊಂಡವನ ಹಾಗೆ ಮೂಲೆಗೇ ಹೊಡೆದ.

ನಾನು ಚೆಂಡನ್ನು ನೋಡುತ್ತಿರಲಿಲ್ಲ, ಮೂಲೆಯನ್ನು ನೋಡುತ್ತಿದ್ದೆ. ಚೆಂಡು ಬಂತು. ತಗ್ಗಿನ ಮೇಲೆ, ಎತ್ತರದ ಮನುಷ್ಯ ಕೈ ಎತ್ತಿದರೆ ತಾಗುವಷ್ಟು ಮೇಲೆ, ಟಪ್ ಎಂದಿತು. ಬೆರಳ ತುದಿಗೆ ಚೆಂಡು ಬಡಿದರೆ ಆಗುವ ಸಪ್ಪಳ ಅದು. ಕಿವಿಗೆ ಅಷ್ಟು ಪರಿಚಯದ ಸಪ್ಪಳ ಬೇರೆ ಇಲ್ಲ. ಚೆಂಡು ದಾರಿ ಬದಲಿಸಿ ಹಿಂದಿನ ಗೆರೆಯ ಹೊರಗೆ ಬಿತ್ತು.

ಊರೆಲ್ಲ "ಔಟ್" ಎಂದು ಕೂಗಿತು. ಆದರೆ ಆ ಮೂಲೆಯ ಗೆರೆ ಕಾಯುತ್ತಿದ್ದ ಶಶಿಕಲಾ ಟೀಚರ್ ಧ್ವಜವನ್ನು ನೆಟ್ಟಗೆ ಹಿಡಿದು ಅದರ ತುದಿಯ ಮೇಲೆ ಅಂಗೈ ಇಟ್ಟಿದ್ದರು. ಅದಕ್ಕೆ ಅರ್ಥ ಟಚ್. ಹೊರಗೆ ಬೀಳುವ ಮೊದಲು ಚೆಂಡನ್ನು ಊರ ತಂಡದವರು ಮುಟ್ಟಿದ್ದಾರೆ, ಆದ್ದರಿಂದ ಪಾಯಿಂಟು ಎದುರಿನವರಿಗೆ.

ಟೀಚರ್ ಮಂಡ್ಯ ಕಡೆಯವರು, ಆ ವರ್ಷವೇ ನಮ್ಮ ಜಿಲ್ಲೆಗೆ ಬಂದಿದ್ದರು. ಫಕ್ಕೀರಪ್ಪನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕುರ್ಚಿಯ ಬಳಿಗೆ ಕರೆದೆ.

"ಯಾರು ಮುಟ್ಟಿದರು ಟೀಚರ್?"

"ಆ ಮೂಲೆಯವರು ಸಾರ್. ಕೈ ಮೇಲೆತ್ತಿದ್ರು, ಬೆರಳಿಗೆ ತಗುಲಿ ಹೋಯ್ತು."

"ನೀವು ಅವರನ್ನು ನೋಡಿದಿರಾ?"

"ಮುಖ ನೋಡ್ಲಿಲ್ಲ ಸಾರ್, ನಾನು ಕೈ ನೋಡ್ತಿದ್ದೆ," ಎಂದು ತಿರುಗಿ ಮೂಲೆಯ ಕಡೆ ನೋಡಿದರು. ಐವರನ್ನೂ ಒಮ್ಮೆ ಕಣ್ಣಲ್ಲೇ ಎಣಿಸಿದರು. ಆದರೂ ಅಂಗೈಯನ್ನು ಧ್ವಜದ ಮೇಲಿಂದ ತೆಗೆಯಲಿಲ್ಲ. ಒಳ್ಳೆಯ ಲೈನ್ಸ್‌ಮನ್ ಕಂಡದ್ದನ್ನು ಬದಲಿಸುವುದಿಲ್ಲ.

ನಮ್ಮ ಕಡೆ ಟಚ್ ತಕರಾರಿಗೆ ಬಂದರೆ ಒಂದು ರೂಢಿ ಇದೆ. ಮುಟ್ಟಿದವನು ತಾನೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ಯಾರೂ ಎತ್ತದಿದ್ದರೆ ಕ್ಯಾಪ್ಟನ್ ಬಂದು ರೆಫರಿಗೆ ಹೇಳಬೇಕು, ಅವನ ಮಾತಿನ ಮೇಲೆ ತೀರ್ಪು. ಸುಳ್ಳು ಹೇಳಿದವನನ್ನು ಮತ್ತೆ ಯಾವ ಊರೂ ಆಟಕ್ಕೆ ಕರೆಯುವುದಿಲ್ಲ. ದಾವಲಸಾಬನನ್ನು ಕರೆದೆ.

"ಟಚ್ ಆಗೇತೋ ಇಲ್ಲೋ?"

"ಇಲ್ರಿ ಸರ, ಔಟ್. ನಾವು ಐದೂ ಮಂದಿ ದೂರ ಇದ್ವಿ."

"ಆ ಮೂಲ್ಯಾಗ?"

ಅವನು ಕಂಬದ ಮೇಲಿನ ಅಂಗಿಯ ಕಡೆ ನೋಡಿದ.

"ಅಲ್ಲೆ ಯಾರೂ ಇಲ್ಲ ಅಂತ ಹೇಳಪಾ. ಔಟ್ ಕೊಡತೀನಿ," ಎಂದೆ.

ರೆಫರಿಯಾಗಿ ಕೇಳಬೇಕಾದ್ದನ್ನೇ ಕೇಳಿದ್ದೆ. ಬಾಯಿಂದ ಹೊರಬಿದ್ದ ಮೇಲಷ್ಟೇ ಅದರ ತೂಕ ನನಗೆ ಗೊತ್ತಾಯಿತು. ಯಾರೂ ಇಲ್ಲ ಎಂದರೆ ಪಾಯಿಂಟು ಅವರದು, ಆದರೆ ಇಷ್ಟು ವರ್ಷ ಕಾದಿಟ್ಟ ಜಾಗ ಬರೀ ಮಣ್ಣು. ಅಲ್ಲಿದ್ದಾನೆ, ಮುಟ್ಟಿದ್ದಾನೆ ಎಂದರೆ ಆಟ ಹೋಯಿತು. ಅಷ್ಟೇ ಅಲ್ಲ, ಕಣ್ಣಿಗೆ ಕಾಣದೆ ಮುಟ್ಟುವವನು ಬದುಕಿರುವುದಾದರೂ ಹೇಗೆ? ದಾವಲಸಾಬನ ತುಟಿ ಅಲುಗಿತು, ಮಾತು ಬರಲಿಲ್ಲ. ಅವನ ಗಲ್ಲದ ಮೇಲೆ ಇಳಿದದ್ದು ಬೆವರೋ ಕಣ್ಣೀರೋ ನಾನು ಹೇಳಲಾರೆ.

ಆಗ ರೇಣವ್ವ ಎದ್ದಳು. ಗೆರೆ ದಾಟಿ ಒಳಗೆ ಬಂದಳು. ಹೊರಗಿನವರು ಒಳಗೆ ಬಂದರೆ ಆಟ ನಿಲ್ಲಿಸಬೇಕೆಂದು ನಿಯಮ. ಆಟ ನಿಂತೇ ಇತ್ತು.

"ತಂಗೀ, ಹೊರಗ ನಡಿ," ಎಂದ ದಾವಲಸಾಬ.

"ಅಣ್ಣಾ, ನಿನ್ನ ಬಾಯಿಲೆ ಅದು ಬರೂದಿಲ್ಲ. ನೀ ಅವರ ಗೆಳ್ಯಾ ಅದಿ. ನನ್ನ ಬಾಯಿಲೆ ಬರತೈತಿ."

ನೇರ ಬಲಮೂಲೆಗೆ ನಡೆದು ಆ ತಗ್ಗಿನಲ್ಲಿ ನಿಂತಳು. ಅಷ್ಟು ವರ್ಷ ಊರಿನ ಒಬ್ಬನೇ ಒಬ್ಬ ಗಂಡಸೂ ಕಾಲಿಡದ ಜಾಗ. ಜನರಲ್ಲಿ ಒಬ್ಬ ಮುದುಕಿ "ಅಯ್ಯೋ ಎವ್ವಾ" ಎಂದು ಕಣ್ಣು ಮುಚ್ಚಿಕೊಂಡಳು. ರೇಣವ್ವ ಸೆರಗು ಬಿಗಿದು, ಬಲಗೈಯನ್ನು ನೆಟ್ಟಗೆ ಮೇಲೆತ್ತಿದಳು. ಬಳೆಗಳು ಮೊಣಕೈತನಕ ಜಾರಿದವು.

"ಮುಟ್ಯಾರ್ರಿ, ಸರ. ಸಪ್ಪಳ ಕೇಳೀನಿ. ಬೆನ್ನ ಮಾಡಿ ಕುಂತಿದ್ರೂ ಗೊತ್ತಾತು, ಅವರ ಕೈಯಂದ. ಅವರ ಬದ್ಲಿ ನಾ ಎತ್ತೀನಿ. ನೀವು ಕೊಡೂದು ಕೊಡ್ರಿ."

ನಾನು ಸೀಟಿ ಊದಿದೆ. ನೆಟ್ಟಗೆ ಹಿಡಿದ ಕೈಯ ಬೆರಳ ತುದಿಗೆ ಇನ್ನೊಂದು ಅಂಗೈ ಸವರಿ ಟಚ್ ಎಂದು ತೋರಿಸಿದೆ, ಲಕ್ಷ್ಮೇಶ್ವರದ ಕಡೆ ಕೈ ಚಾಚಿದೆ. ನನ್ನ ಇಡೀ ಜೀವಮಾನದಲ್ಲಿ ಕೊಟ್ಟ ತೀರ್ಪುಗಳಲ್ಲಿ ಯಾರೂ ತಕರಾರು ತೆಗೆಯದ ತೀರ್ಪು ಅದೊಂದೇ. ಗೆದ್ದ ಹುಡುಗರು ಕುಣಿಯಲಿಲ್ಲ. ಚೆಂಡು ಬಿದ್ದಲ್ಲೇ ಬಿದ್ದಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ರೇಣವ್ವ ನಿಧಾನ ಕೈ ಇಳಿಸಿದಳು. ಆಮೇಲೆ ತನ್ನ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ, ತನಗಿಂತ ಎತ್ತರದವನ ಮುಖ ಇರುವಷ್ಟು ಮೇಲಕ್ಕೆ ನೋಡಿದಳು. ಕೆಲಸದಿಂದ ತಡವಾಗಿ ಬಂದವನಿಗೆ ಹೇಳುವ ದನಿಯಲ್ಲಿ, ಬೈಗುಳವೂ ಅಲ್ಲ, ಅಳುವೂ ಅಲ್ಲ, ಹೇಳಿದಳು:

"ಆಟ ಮುಗೀತ್ರಿ. ಭಾಳ ದಣಿದೀರಿ. ಇನ್ನ ಹೋಗ್ರಿ ನೀವು."

ದಾವಲಸಾಬ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನ ಹಿಂದಿನವನೂ ಸರಿದ. ಒಬ್ಬೊಬ್ಬರಾಗಿ ಐವರೂ ಸರಿದರು. ಗೆರೆಯಾಚೆ ಕೂತಿದ್ದ ಜನರೂ ಎದ್ದು ಊರ ಅಗಸಿ ಬಾಗಿಲ ಕಡೆ ಹಾದಿ ಮಾಡಿಕೊಟ್ಟರು. ಕುರ್ಚಿಯ ಮೇಲಿದ್ದ ನಾನು, ಹಾಯುವವರಿಗೆ ತಾಗದಿರಲಿ ಎಂದು, ಕಾಲು ಮೇಲೆಳೆದುಕೊಂಡೆ.